ಕಣ್ಣೀರಿಗೂ ಜಾಗವಿರುವ ಸಂತೋಷ

2025ರ ಜನವರಿಯಲ್ಲಿ ನಂಜನಗೂಡು ತಾಲ್ಲೂಕಿನ ಹೆಸರು ರಾಜ್ಯದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಮೈಕ್ರೋಫೈನಾನ್ಸ್ ಕಂತು ಕಟ್ಟಲಾರದೆ, ವಸೂಲಿಗೆ ಬಂದವರ ಮಾತು ತಾಳಲಾರದೆ ಬಡ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟಿದ್ದವು. ಮರುತಿಂಗಳೇ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಅದಕ್ಕೆ ಎರಡು ವರ್ಷ ಹಿಂದೆ ಪಕ್ಕದ ತಿ. ನರಸೀಪುರ ತಾಲ್ಲೂಕಿನವರು ಸಂಜೆಯಾದರೆ ಮನೆಯಿಂದ ಹೊರಬರಲು ಹೆದರುತ್ತಿದ್ದರು. 2022ರ ಕೊನೆಯಿಂದ 2023ರ ಜನವರಿಯೊಳಗೆ ಚಿರತೆ ದಾಳಿಗೆ ಅಲ್ಲಿ ನಾಲ್ವರು ಬಲಿಯಾದರು; ಅವರಲ್ಲಿ ಕಾಲೇಜಿಗೆ ಹೋಗುತ್ತಿದ್ದ ಮಕ್ಕಳೂ ಇದ್ದರು. 2020ರ ಮಾರ್ಚಿನಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಿಗೆ ಕೋವಿಡ್ ಬಂದು, ಊರಿಗೆ ಊರನ್ನೇ ಬೇರೆಯವರು ಅನುಮಾನದಿಂದ ನೋಡುವಂತಾಯಿತು. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ಮೈಸೂರು ರಸ್ತೆಯೇ ಮುಳುಗಿತ್ತು.

ಈ ಎರಡು ತಾಲ್ಲೂಕುಗಳಲ್ಲಿ ಕ್ರೈಸ್ತರ ಸಂಖ್ಯೆ ಸಣ್ಣದು. ಇಡೀ ಕರ್ನಾಟಕದಲ್ಲೇ ಅವರು 2011ರ ಜನಗಣತಿಯಂತೆ ಶೇ 1.87. ಆದರೆ ಅವರ ಹಾಡು, ಪ್ರಾರ್ಥನೆ, ಸಭೆಯಲ್ಲಿ ಎದ್ದು ನಿಂತು ಹೇಳುವ ಸಾಕ್ಷಿ, ಯಾವುದನ್ನು ಕೇಳಿದರೂ ಒಂದು ಮಾತು ಬಂದೇ ಬರುತ್ತದೆ: ಕಷ್ಟ ಹೋಗಲಿಲ್ಲ, ಆದರೂ ಸಂತೋಷವಾಗಿದ್ದೇನೆ. ಸಾಲ, ಕಾಯಿಲೆ, ಜಾತಿಯ ಅವಮಾನ ಎಲ್ಲವನ್ನೂ ಕಂಡವರು ಹೀಗೆ ಹೇಳುವಾಗ ಅದನ್ನು ಬಾಯಿಪಾಠವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಪ್ರಶ್ನೆ ಕೇಳದೆ ಒಪ್ಪುವುದೂ ಸರಿಯಲ್ಲ. ಆ ಸಂತೋಷ ಎಲ್ಲಿಂದ ಬರುತ್ತದೆ? ಯಾವುದು ನಿಲ್ಲುತ್ತದೆ, ಯಾವುದು ಮುಂದಿನ ಸೋಮವಾರವೇ ಕರಗುತ್ತದೆ? ಮೈಸೂರು ಸೀಮೆ ಈ ಪ್ರಶ್ನೆಗೆ ಕೊಟ್ಟಿರುವ ಉತ್ತರಗಳನ್ನು ಒಂದೆಡೆ ಇಟ್ಟು ನೋಡಬೇಕೆನಿಸಿದೆ.

ಕ್ರೈಸ್ತ ಧರ್ಮ ಬರುವ ಮೊದಲೇ ಈ ನೆಲ ಸಂಕಟದ ಜೊತೆ ಮಾತಾಡಲು ಕಲಿತಿತ್ತು. ನಂಜನಗೂಡಿನ ದೇವರೇ ವಿಷ ಕುಡಿದವನು. ತನ್ನ ಆನೆಯ ಕಣ್ಣಿನ ಬೇನೆ ವಾಸಿಯಾಯಿತೆಂದು ಟಿಪ್ಪು ಆ ದೇವರನ್ನು ಹಕೀಂ ನಂಜುಂಡ ಎಂದು ಕರೆದು ಪಚ್ಚೆಯ ಲಿಂಗ ಒಪ್ಪಿಸಿದ ಕಥೆಯನ್ನು ಇಲ್ಲಿನ ಮಕ್ಕಳೂ ಬಲ್ಲರು. ತಂಬೂರಿ ಹಿಡಿದ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹಲಗೂರಿಗೆ ಹೋಗಿ ಪಾಂಚಾಳರ ಕೈಯಲ್ಲಿ ಪಡಬಾರದ ಪಾಡು ಪಡುತ್ತಾನೆ. ಮಾದಪ್ಪನ ಕಥೆಯ ಸಂಕಮ್ಮ ಗಂಡನ ಅನುಮಾನಕ್ಕೆ ಸಿಕ್ಕಿ ಕಾಡಿನ ಗುಡಿಸಲಲ್ಲಿ ಒಬ್ಬಳೇ ಒದ್ದಾಡುತ್ತಾಳೆ. ಭಕ್ತರಿಗೆ ಕಷ್ಟ ಬಂದೇ ಬರುತ್ತದೆ, ಆ ಕಷ್ಟದೊಳಕ್ಕೆ ದೇವರು ನಡೆದು ಬರುತ್ತಾನೆ ಎಂಬುದು ಈ ಕಥೆಗಳ ಜೀವ. ಶಿಲುಬೆಗೇರಿದ ದೇವರ ಕಥೆ ಈ ಭಾಗದ ಕೇರಿಗಳಲ್ಲಿ ಅನ್ಯವೆನಿಸದೆ ಒಳಗೆ ಇಳಿದದ್ದಕ್ಕೆ ಇದೂ ಒಂದು ಕಾರಣವಿರಬೇಕು ಎಂದು ನನ್ನ ಎಣಿಕೆ.

ಇಟಲಿಯ ಜೆಸ್ವಿತ್ ಪಾದ್ರಿ ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದದ್ದು 1640ರ ದಶಕದ ಕೊನೆಯಲ್ಲಿ. ಕನ್ನಡ ಕಲಿತು ಕನ್ನಡದಲ್ಲೇ ಬರೆದರು. ಅಲ್ಲಿಂದ ಬೆಳೆದ ಸಣ್ಣ ಸಣ್ಣ ಸಭೆಗಳು ಮುಂದಿನ ಶತಮಾನದ ಯುದ್ಧಗಳಲ್ಲಿ ಚದುರಿದವು. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತಂದ. ಅವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಹತ್ತಾರು ಸಾವಿರ ಎನ್ನುವುದನ್ನು ಎಲ್ಲರೂ ಒಪ್ಪುತ್ತಾರೆ. ದಾರಿಯಲ್ಲಿ, ಸೆರೆಯಲ್ಲಿ ಬಹಳ ಮಂದಿ ಸತ್ತರು. ಉಳಿದವರು ಬಿಡುಗಡೆ ಕಂಡದ್ದು 1799ರಲ್ಲಿ, ಹದಿನೈದು ವರ್ಷಗಳ ಮೇಲೆ. ಇದನ್ನು ಇವತ್ತಿನ ರಾಜಕೀಯದ ಕತ್ತಿಯಾಗಿ ಬೀಸುವವರು ಇದ್ದಾರೆ. ನನಗೆ ಬೇಕಾದದ್ದು ಬೇರೆ. ಪಾದ್ರಿಗಳಿಲ್ಲದೆ, ದೇವಾಲಯವಿಲ್ಲದೆ ಹದಿನೈದು ವರ್ಷ ಕಳೆದ ಜನ ಹೊರಬಂದಾಗ ಇನ್ನೂ ಒಂದು ಸಮುದಾಯವಾಗಿ ಉಳಿದಿದ್ದರು. ನೆನಪಿನಲ್ಲಿದ್ದ ಜಪ, ಒಬ್ಬರ ಮಗುವನ್ನು ಇನ್ನೊಬ್ಬರು ಸಾಕಿದ ಋಣ, ಇವೇ ಅವರನ್ನು ಹಿಡಿದಿಟ್ಟಿರಬೇಕು.

ಹಾಗೆ ಉಳಿದ ಮೈಸೂರು ಸೀಮೆಯ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಬಂದವರು ಫ್ರಾನ್ಸಿನ ಪಾದ್ರಿ ಅಬ್ಬೆ ದ್ಯುಬುವಾ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅವರ ಹೆಸರಿನ ಚರ್ಚ್ ಇನ್ನೂ ಇದೆ. ಹಾಸನದ ಸಾತಳ್ಳಿಯಲ್ಲಿ ನೆಲೆ ಕಳೆದುಕೊಂಡವರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು, ಸಿಡುಬಿನ ಲಸಿಕೆ ಹಾಕಿಸಲು ಊರೂರು ತಿರುಗಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಆದರೆ ಅದೇ ಮನುಷ್ಯ 1823ರಲ್ಲಿ ಊರಿಗೆ ಮರಳುವ ಹೊತ್ತಿಗೆ ಪ್ರಕಟಿಸಿದ ಪತ್ರಗಳಲ್ಲಿ ಹತಾಶೆ ತುಂಬಿದೆ. ತಮ್ಮ ಮೂವತ್ತು ವರ್ಷದ ಕೆಲಸ ವ್ಯರ್ಥವಾಯಿತು, ಇಲ್ಲಿ ನಿಜವಾದ ಕ್ರೈಸ್ತರು ಹುಟ್ಟಲಾರರು ಎಂಬ ತೀರ್ಮಾನ ಅದು. ಸೇರಿದವರು ದಿಕ್ಕಿಲ್ಲದ ಬಡವರು ಎಂಬುದೂ ಅವರ ನಿರಾಸೆಗೆ ಒಂದು ಕಾರಣ. ದ್ಯುಬುವಾ ಇಲ್ಲಿ ತಪ್ಪಿದರೆಂದು ನನಗೆ ಅನಿಸುತ್ತದೆ. ಲೆಕ್ಕದ ಪುಸ್ತಕದಲ್ಲಿ ಫಲ ಹುಡುಕಿದವರಿಗೆ ಫಲ ಕಾಣಲಿಲ್ಲ. ಅವರು ಕೈಬಿಟ್ಟ ಆ ಬಡವರ ಮೊಮ್ಮಕ್ಕಳು, ಮರಿಮಕ್ಕಳು ಅದೇ ಊರುಗಳಲ್ಲಿ ಹಬ್ಬ ಮಾಡುತ್ತಲೇ ಇದ್ದಾರೆ. ಅದೇ ಹಾಸನದ ಶೆಟ್ಟಿಹಳ್ಳಿಯ ಚರ್ಚ್ ಹೇಮಾವತಿ ಜಲಾಶಯದ ನೀರಿಗೆ ಸಿಕ್ಕಿತು. ಜನ ಬೇರೆಡೆ ನೆಲೆಸಿದರು. ಮಳೆಗಾಲದಲ್ಲಿ ಅರ್ಧ ಮುಳುಗುವ ಆ ಪಾಳು ಗೋಡೆಗಳ ಮುಂದೆ ಫೋಟೋ ತೆಗೆಸಿಕೊಳ್ಳುವವರು ಅಲ್ಲಿ ಒಂದು ಊರು ಎದ್ದುಹೋಯಿತು ಎಂಬುದನ್ನು ನೆನೆದರೆ ಒಳ್ಳೆಯದು.

ಮುಂದಿನ ದೊಡ್ಡ ಪರೀಕ್ಷೆ 1876-78ರ ಬರ. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412 ಇತ್ತು. ಹತ್ತು ವರ್ಷದ ಮೇಲೆ ಎಣಿಸಿದಾಗ 41,86,188. ಬರದ ಕಾಲದಲ್ಲಿ ಮಿಷನ್ನುಗಳು ಅನಾಥಾಲಯ ತೆರೆದವು. ಬೆಂಗಳೂರಿನ ಹತ್ತಿರದ ಸಿಲುವೆಪುರದಂಥ ಊರುಗಳು ಹಾಗೆ ಬದುಕುಳಿದ ಮಕ್ಕಳಿಗಾಗಿ ಹುಟ್ಟಿದವು. ಅನ್ನಕ್ಕಾಗಿ ಕ್ರೈಸ್ತರಾದವರು ಎಂಬ ಕುಹಕ ಆಗಲೂ ಇತ್ತು, ಈಗಲೂ ಇದೆ. ಹಸಿದ ಮಗುವಿನ ಕೈಗೆ ಅನ್ನ ಕೊಟ್ಟವರನ್ನು ಆ ಮಗು ನಂಬಿದರೆ ಅದರಲ್ಲಿ ನಾಚುವಂಥದ್ದು ಏನಿದೆ ಎಂದು ನಾನು ಕೇಳುತ್ತೇನೆ. ಅನ್ನದ ಬದಲಿಗೆ ನಂಬಿಕೆಯನ್ನು ಷರತ್ತಾಗಿ ಇಟ್ಟವರಿದ್ದರೆ, ನಾಚಬೇಕಾದವರು ಅವರು.

ಅದೇ ದಶಕದ ಬರ ಕರ್ನಾಟಕದ ಇನ್ನೊಬ್ಬ ಮಗಳನ್ನೂ ಸುಟ್ಟಿತ್ತು. ಪಂಡಿತಾ ರಮಾಬಾಯಿಯ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಊರವರ ವಿರೋಧ ಕಟ್ಟಿಕೊಂಡು ಗಂಗಾಮೂಲದ ಕಾಡಿಗೆ ಹೋದವರು. 1858ರಲ್ಲಿ ಅಲ್ಲಿ ಹುಟ್ಟಿದ ರಮಾಬಾಯಿ ಪುರಾಣ ಓದುತ್ತ ದೇಶ ಸುತ್ತಿದ ಆ ಕುಟುಂಬದೊಂದಿಗೇ ಬೆಳೆದರು. ಬರದಲ್ಲಿ ಕೆಲವೇ ತಿಂಗಳೊಳಗೆ ತಂದೆ, ತಾಯಿ, ಅಕ್ಕ ಹೋದರು. 1880ರಲ್ಲಿ ಅಣ್ಣ, 1882ರಲ್ಲಿ ಗಂಡ. ಕೈಯಲ್ಲಿ ಹಸುಗೂಸು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು; ಅಲ್ಲಿಗೇ ಮನಸ್ಸು ನೆಲೆಗೊಂಡಿತೇ ಎಂದರೆ ಇಲ್ಲ. ಅದಕ್ಕೆ ಇನ್ನೂ ಎಂಟು ವರ್ಷ ಬೇಕಾಯಿತು ಎಂದು ಅವರೇ ಬರೆದಿದ್ದಾರೆ. ಆ ಎಂಟು ವರ್ಷ ಅವರು ಚರ್ಚಿನ ಹಿರಿಯರೊಂದಿಗೆ ಸಿದ್ಧಾಂತಕ್ಕಾಗಿ ವಾದಿಸಿದರು, ಒಪ್ಪದ್ದನ್ನು ಒಪ್ಪಲಿಲ್ಲ. ಮುಂದೆ 1896-97 ಮತ್ತು 1900ರ ಬರಗಳಲ್ಲಿ ದಿಕ್ಕೆಟ್ಟ ಹೆಣ್ಣುಮಕ್ಕಳನ್ನು ಪುಣೆ ಸಮೀಪದ ಕೇಡಗಾಂವ್‌ನ ಮುಕ್ತಿ ಸದನಕ್ಕೆ ಕರೆತಂದರು. ತಾನು ಹಸಿವಿನಲ್ಲಿ ನಡೆದ ದಾರಿಯಲ್ಲೇ ನಡೆದು ಬಂದವರಿಗೆ ಬಾಗಿಲು ತೆರೆದರು. 1921ರಲ್ಲಿ ಮಗಳು ಮನೋರಮಾ ತೀರಿಕೊಂಡಳು. ಮುದುಕಿ ರಮಾಬಾಯಿ ಬೈಬಲಿನ ಮರಾಠಿ ಅನುವಾದ ಮುಗಿಸಿ 1922ರಲ್ಲಿ ಕಣ್ಣುಮುಚ್ಚಿದರು. ಇಡೀ ಸಮೀಕ್ಷೆಯಲ್ಲಿ ಬಾಳುವ ಸಂತೋಷ ಎಂಬ ಮಾತಿಗೆ ಒಬ್ಬರನ್ನು ತೋರಿಸಿ ಎಂದರೆ ನಾನು ರಮಾಬಾಯಿಯನ್ನು ತೋರಿಸುತ್ತೇನೆ. ದುಃಖ ಅವರನ್ನು ಒಮ್ಮೆಯೂ ಬಿಟ್ಟುಹೋಗಲಿಲ್ಲ. ಅದು ಇನ್ನೊಬ್ಬರ ಕಡೆಗೆ ಕಾಲು ಹಾಕಿಸಿತು.

ಸಾಮಾನ್ಯ ಜನ ಹಿಡಿದ ದಾರಿ ಇದಕ್ಕಿಂತ ಸರಳ. ಕೃಷ್ಣರಾಜನಗರ ತಾಲ್ಲೂಕಿನ ದೋರನಹಳ್ಳಿಯಲ್ಲಿ ರೈತನೊಬ್ಬ ಉಳುವಾಗ ನೇಗಿಲಿಗೆ ಮರದ ವಿಗ್ರಹ ಸಿಕ್ಕಿತು, ಅದು ಸಂತ ಅಂತೋಣಿಯವರದೆಂದು ಗೊತ್ತಾಯಿತು ಎಂಬುದು ನಂಬಿಕೆ. 2019ರಲ್ಲಿ ಅಲ್ಲಿನ ಚರ್ಚ್ ಬಸಿಲಿಕ ಪದವಿ ಪಡೆಯಿತು. ಜೂನ್ 13ರ ಹಬ್ಬಕ್ಕೆ ಬರುವವರಲ್ಲಿ ಕ್ರೈಸ್ತರಲ್ಲದವರೂ ತುಂಬ ಮಂದಿ. ಮಗು ಬೇಕು, ಕಳೆದ ಒಡವೆ ಸಿಗಬೇಕು, ಮಗನ ಕುಡಿತ ಬಿಡಬೇಕು ಎಂದು ಹರಕೆ ಹೊರುತ್ತಾರೆ. ಓದಿದವರು ಇದನ್ನು ಮೂಢನಂಬಿಕೆಯೆಂದು ಸರಿಸಿಬಿಡುತ್ತಾರೆ. ನಾನು ಹಾಗೆ ಮಾಡಲಾರೆ. ಹರಕೆ ಹೊತ್ತವರು ಮುಂದಿನ ವರ್ಷವೂ ಬರುತ್ತಾರೆ, ಹರಕೆ ತೀರದಿದ್ದವರೂ ಬರುತ್ತಾರೆ. ಬಸ್ಸಿನಲ್ಲಿ ಒಟ್ಟಿಗೆ ಬಂದು, ಮೇಣದಬತ್ತಿ ಹಚ್ಚಿ, ಬುತ್ತಿ ಬಿಚ್ಚಿ ತಿಂದು ಹೋಗುವುದರಲ್ಲೇ ಎದೆಯ ಭಾರ ಸ್ವಲ್ಪ ಇಳಿದಿರುತ್ತದೆ.

ಗ್ರಂಥ ಏನು ಹೇಳುತ್ತದೆ ಎಂಬುದಕ್ಕೆ ಬರೋಣ. ಕ್ರೈಸ್ತ ಗ್ರಂಥಗಳಲ್ಲಿ ಸಂತೋಷದ ಮಾತು ಅತಿ ಹೆಚ್ಚು ತುಂಬಿಕೊಂಡಿರುವ ಪುಟ್ಟ ಬರಹ, ಪೌಲ ಫಿಲಿಪ್ಪಿಯವರಿಗೆ ಬರೆದ ನಾಲ್ಕು ಅಧ್ಯಾಯದ ಪತ್ರ, ಹುಟ್ಟಿದ್ದು ಸೆರೆಮನೆಯಲ್ಲಿ. ಅದನ್ನು ಉಪದೇಶಿಗಳು ಮತ್ತೆ ಮತ್ತೆ ಎತ್ತಿ ಹೇಳುತ್ತಾರೆ. ಅದೇ ಪತ್ರದಲ್ಲಿ ಪೌಲ ಸಾಯುವಷ್ಟು ಕಾಯಿಲೆ ಬಿದ್ದ ಗೆಳೆಯ ಎಪಫ್ರೊದೀತನಿಗಾಗಿ ಎಷ್ಟು ಕಳವಳಪಟ್ಟೆನೆಂದು ಬರೆದದ್ದನ್ನು, ಫಿಲಿಪ್ಪಿಯವರು ಕಳಿಸಿದ ಸಹಾಯಕ್ಕೆ ಕೃತಜ್ಞತೆ ಹೇಳಿದ್ದನ್ನು ಮಾತ್ರ ಹೇಳುವುದು ಅಪರೂಪ. ಆ ಸಂತೋಷ ಒಬ್ಬಂಟಿಯ ಸಾಧನೆಯಾಗಿರಲಿಲ್ಲ. 150 ಕೀರ್ತನೆಗಳಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಅಳಲಿನವು. 88ನೆಯದು ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಇಲ್ಲದೆ. ಯೋಬನ ಗೆಳೆಯರು ಅವನ ಪಕ್ಕದಲ್ಲಿ ಏಳು ದಿನ ಮಾತಿಲ್ಲದೆ ಕೂತರು. ಬಾಯಿ ಬಿಟ್ಟು ಕಾರಣ ವಿವರಿಸತೊಡಗಿದ ಮೇಲೆ ಅವನ ನೋವು ಹೆಚ್ಚಾಯಿತು. ಲಾಜರನ ಗೋರಿಯ ಮುಂದೆ ಯೇಸು ಅತ್ತ. ಇಷ್ಟು ಅಳು ಇರುವ ಗ್ರಂಥವನ್ನು ಕೈಯಲ್ಲಿ ಹಿಡಿದು, ವಿಶ್ವಾಸಿ ಅಳಬಾರದು ಎಂದು ಬೋಧಿಸುವುದು ಹೇಗೆ ಸಾಧ್ಯವಾಯಿತೋ ನನಗೆ ಅರ್ಥವಾಗುವುದಿಲ್ಲ.

ಆದರೆ ಬೋಧಿಸುತ್ತಾರೆ. ಕಳೆದ ಕೆಲವು ದಶಕಗಳಲ್ಲಿ ಎಲ್ಲೆಡೆ ಹೆಚ್ಚಿರುವ ಸ್ವಸ್ಥತಾ ಕೂಟಗಳ ಬಗ್ಗೆ ಇಲ್ಲಿ ನೇರವಾಗಿ ಹೇಳಬೇಕು. ಅವು ಮಾಡಿದ ಒಳ್ಳೆಯದು ಕಣ್ಣಿಗೆ ಕಾಣುತ್ತದೆ. ಸಾರಾಯಿ ಬಿಟ್ಟ ಗಂಡಂದಿರು, ಮೊದಲ ಸಲ ಮೈಕ್ ಹಿಡಿದು ತಮ್ಮ ಕಥೆ ಹೇಳಿದ ಕೂಲಿ ಹೆಂಗಸರು, ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೂ ಬೈಕ್ ಹತ್ತಿ ಬರುವ ಪಾಸ್ಟರುಗಳು ಇದ್ದಾರೆ. ದೊಡ್ಡ ಚರ್ಚುಗಳ ಅಯ್ಯನವರು, ಫಾದರ್‌ಗಳು ಎಷ್ಟೋ ಸಲ ಕೊಡಲಾಗದ ಆಪ್ತತೆಯನ್ನು ಈ ಸಣ್ಣ ಕೂಟಗಳು ಕೊಟ್ಟಿವೆ. ಕಹಿ ಬರುವುದು ವಾಗ್ದಾನದ ಜಾಗದಲ್ಲಿ. ನಂಬಿದರೆ ಗುಣ, ಗುಣವಾಗದಿದ್ದರೆ ನಂಬಿಕೆ ಸಾಲದು. ಕಾಣಿಕೆ ಕೊಟ್ಟರೆ ಸಾಲ ತೀರುತ್ತದೆ, ತೀರದಿದ್ದರೆ ಮನೆಯಲ್ಲಿ ಪಾಪವಿದೆ. ಹೀಗೆ ಹೇಳಿದಾಗ ಕ್ಯಾನ್ಸರ್ ಬಂದ ಹೆಂಗಸು ಕಾಯಿಲೆಯ ಜೊತೆಗೆ ಅಪರಾಧವನ್ನೂ ಹೊರಬೇಕಾಗುತ್ತದೆ. ಮಾತ್ರೆ ನಿಲ್ಲಿಸುವುದೇ ವಿಶ್ವಾಸದ ಗುರುತು ಎಂಬ ಮಾತು ಇನ್ನೂ ಕೆಟ್ಟದ್ದು. ಕ್ಷಯದ ಮಾತ್ರೆಯನ್ನು ನಡುವೆ ಬಿಟ್ಟರೆ ರೋಗ ಔಷಧಕ್ಕೆ ಬಗ್ಗದ ಹಾಗಾಗಬಹುದು, ಮನೆಮಂದಿಗೂ ತಗಲಬಹುದು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ 1906ರಿಂದ ನಡೆದು ಬಂದ ಮೇರಿ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ, ಕೊಳ್ಳೇಗಾಲದ ಕಡೆ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆ ಹುಟ್ಟಿದ್ದು ಇದೇ ಯೇಸುವಿನ ಹೆಸರಿನಲ್ಲಿ. ಅಲ್ಲಿ ಪ್ರಾರ್ಥನೆ ಮತ್ತು ಔಷಧ ಒಂದೇ ಸೂರಿನ ಕೆಳಗೆ ಇದ್ದವು.

ಸಂಶೋಧಕರೂ ಈ ವಿಷಯ ನೋಡಿದ್ದಾರೆ. ಅಮೆರಿಕದ ಸುಮಾರು 90 ಸಾವಿರ ಮಹಿಳಾ ನರ್ಸ್‌ಗಳ ಮಾಹಿತಿ ಪರಿಶೀಲಿಸಿ ಟೈಲರ್ ವ್ಯಾಂಡರ್‌ವೀಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೊಮ್ಮೆಯಾದರೂ ಪ್ರಾರ್ಥನಾ ಸಭೆಗೆ ಹೋಗುವವರಲ್ಲಿ ಆತ್ಮಹತ್ಯೆಯ ಪ್ರಮಾಣ ಎಂದೂ ಹೋಗದವರಿಗಿಂತ ಸುಮಾರು ಐದು ಪಟ್ಟು ಕಡಿಮೆ ಇತ್ತು. ಅಮೆರಿಕದ ನರ್ಸ್‌ಗಳ ಲೆಕ್ಕವನ್ನು ನಂಜನಗೂಡಿನ ಕೂಲಿಯವರಿಗೆ ಹಾಗೇ ಹೊದಿಸಲಾಗದು. ಆದರೂ ಅಲ್ಲಿ ಎಣಿಸಿದ್ದು ಸಭೆಗೆ ಹೋಗುವುದನ್ನು, ನಾಲ್ಕು ಜನರ ಜೊತೆ ಕೂರುವುದನ್ನು ಎಂಬುದನ್ನು ಗಮನಿಸಬೇಕು. ಇನ್ನೊಂದು, ಕೆನೆತ್ ಪಾರ್ಗಮೆಂಟ್ ಮತ್ತಿತರರು 2001ರಲ್ಲಿ ಪ್ರಕಟಿಸಿದ್ದು. ಸುಮಾರು 600 ವೃದ್ಧ ರೋಗಿಗಳನ್ನು ಎರಡು ವರ್ಷ ಗಮನಿಸಿದಾಗ, ದೇವರು ತನ್ನನ್ನು ಕೈಬಿಟ್ಟ, ಇದು ಸೈತಾನನ ಕೆಲಸ ಎಂದು ಒಳಗೇ ಕೊರಗುತ್ತಿದ್ದವರಲ್ಲಿ ಸಾವಿನ ಅಪಾಯ ಹೆಚ್ಚು ಕಂಡಿತು. ನಿನ್ನ ನಂಬಿಕೆ ಸಾಲದು ಎಂದು ರೋಗಿಗೆ ಹೇಳುವವರು ಇದನ್ನು ಓದಬೇಕು.

ಕಷ್ಟವೆಂದರೆ ಕಾಯಿಲೆ, ಸಾಲಗಳಷ್ಟೇ ಅಲ್ಲವಲ್ಲ. ಕ್ರೈಸ್ತರಾದ ದಲಿತರಿಗೆ 1950ರ ರಾಷ್ಟ್ರಪತಿ ಆದೇಶದಿಂದಾಗಿ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಸಿಖ್ಖರಾದವರಿಗೆ 1956ರಲ್ಲಿ, ಬೌದ್ಧರಾದವರಿಗೆ 1990ರಲ್ಲಿ ಅದು ಸಿಕ್ಕಿತು. ಕರ್ನಾಟಕದಲ್ಲಿ ಕ್ರೈಸ್ತರಾದ ದಲಿತರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಇಟ್ಟಿದ್ದಾರೆ. ಕೇರಿ ಅದೇ, ಅವಮಾನ ಅದೇ, ಕಾಗದ ಮಾತ್ರ ಬೇರೆ. 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಬಂದ ಮೇಲೆ ಮನೆಯಲ್ಲಿ ಪ್ರಾರ್ಥನೆ ನಡೆಸುವುದಕ್ಕೂ ಅಳುಕಿದವರಿದ್ದಾರೆ. ಅದೇ ವರ್ಷ ಕ್ರಿಸ್‌ಮಸ್ ಮುಗಿದ ಎರಡೇ ದಿನಕ್ಕೆ ಇದೇ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದ ಸೇಂಟ್ ಮೇರೀಸ್ ಚರ್ಚಿಗೆ ಯಾರೋ ನುಗ್ಗಿದಾಗ ಬಾಲಯೇಸುವಿನ ಪ್ರತಿಮೆ ಹಾಳಾಯಿತು. ಹೊರಗಿನ ಹಿಂಸೆಯನ್ನು ಖಂಡಿಸುವ ಸಭೆ ಒಳಗಿನದನ್ನೂ ನೋಡಬೇಕು. ಹೆಣ್ಣು ಕೊಡುವಾಗ, ತರುವಾಗ ಕ್ರೈಸ್ತರೂ ಜಾತಿ ಕೇಳುತ್ತಾರೆ. ಶಿಲುಬೆ ಮುಂದೆ ಸಮಾನರೆಂದು ಹಾಡಿದವರು ಮದುವೆ ಮಾತಿಗೆ ಕೂತಾಗ ಸಮಾನರಲ್ಲದಿದ್ದರೆ ಆ ಹಾಡಿನ ಸಂತೋಷಕ್ಕೆ ಬೇರು ಎಲ್ಲಿ? ನೋವನ್ನು ಸಹಿಸಿಕೊ, ಮುಂದಿನ ಲೋಕದಲ್ಲಿ ಸುಖವಿದೆ ಎಂದು ಬಡವರ ಬಾಯಿ ಮುಚ್ಚಿಸಲು ಧರ್ಮ ಬಳಕೆಯಾಗಿದೆ ಎಂಬ ಆಕ್ಷೇಪ ಹಳೆಯದು, ಬಹಳ ಮಟ್ಟಿಗೆ ಸತ್ಯವೂ ಹೌದು.

ನಂಜನಗೂಡು ತಾಲ್ಲೂಕಿನ ದೇವನೂರಿನಿಂದ ಬಂದ ದೇವನೂರ ಮಹಾದೇವ ಅವರ ‘ಒಡಲಾಳ’ ಕ್ರೈಸ್ತ ಕೃತಿಯಲ್ಲ. ಆದರೆ ಹಸಿವಿನ ನಡುವಿನ ಸಂತೋಷವನ್ನು ಅದರಷ್ಟು ಆಳವಾಗಿ ಕಂಡ ಬರಹ ನಮ್ಮಲ್ಲಿ ಕಡಿಮೆ. ಸಾಕವ್ವನ ಮನೆಯವರೆಲ್ಲ ರಾತ್ರಿ ಕೂತು, ಕದ್ದು ತಂದ ಕಡಲೆಕಾಯನ್ನು ಸುಲಿದು ತಿನ್ನುವ ಆ ಭಾಗದಲ್ಲಿ, ಮುನಿಸಿಕೊಂಡವರೂ ಒಂದಾಗುತ್ತಾರೆ. ಬೆಳಗಾದರೆ ಪೊಲೀಸರು ಬರುತ್ತಾರೆ, ಬಡತನ ಒಂದಿಷ್ಟೂ ಕದಲಿರುವುದಿಲ್ಲ. ಆದರೂ ಆ ರಾತ್ರಿ ಸುಳ್ಳಲ್ಲ. ಕರ್ತನ ಭೋಜನದ ರೊಟ್ಟಿ ಹಂಚಿಕೊಳ್ಳುವ, ಹಬ್ಬದ ದಿನ ಪ್ರೀತಿಭೋಜನಕ್ಕೆ ಒಂದೇ ಪಂಕ್ತಿಯಲ್ಲಿ ಕೂರುವ ಕ್ರೈಸ್ತರಿಗೆ ಇದು ಅರ್ಥವಾಗಬೇಕು. ಮೈಸೂರು ಸೀಮೆಯ ಈ ಕಥೆಗಳಲ್ಲಿ ಬಾಳಿದ ಸಂತೋಷ ಯಾವುದೆಂದು ನೋಡಿದರೆ, ಸೆರೆಯವರದು, ಸಾತಳ್ಳಿಯವರದು, ರಮಾಬಾಯಿಯದು, ದೋರನಹಳ್ಳಿಯ ಬಸ್ಸಿನವರದು, ಎಲ್ಲವೂ ನಾಲ್ಕು ಜನರ ನಡುವೆ, ಅಳುವುದಕ್ಕೆ ಅಡ್ಡಿಯಿಲ್ಲದ ಕಡೆ ಉಳಿದದ್ದು. ಕಷ್ಟ ತೀರುತ್ತದೆಂಬ ಮಾತಿನ ಮೇಲೆ ನಿಂತದ್ದು ಆ ಮಾತು ಹುಸಿಯಾದ ದಿನವೇ ಕುಸಿಯಿತು. ಇದು ನನ್ನ ತೀರ್ಪು.

ಆದ್ದರಿಂದ ಈ ಎರಡು ತಾಲ್ಲೂಕುಗಳ ಪಾಸ್ಟರು, ಫಾದರು, ಅಯ್ಯನವರಲ್ಲಿ ಕೇಳಿಕೊಳ್ಳುವುದಿಷ್ಟು. ಸಾಕ್ಷಿ ಹೇಳಲು ಕರೆದಾಗ ಗುಣವಾಗದವರನ್ನೂ ಕರೆಯಿರಿ. ಮಾತ್ರೆ ನಿಲ್ಲಿಸಿ ಎಂದು ಯಾರಿಗೂ ಹೇಳಬೇಡಿ. ಸಾಲದ ಕಂತಿಗೆ ಹೆದರಿ ಬಾಗಿಲು ಹಾಕಿಕೊಂಡ ಮನೆಗೆ ಪ್ರಾರ್ಥನೆಗೆ ಮೊದಲು ಒಬ್ಬ ವಕೀಲರನ್ನು ಕರೆದುಕೊಂಡು ಹೋಗಿ. ಬಲವಂತದ ವಸೂಲಿ ತಡೆಯುವ ಕಾನೂನು ಅವರ ಪರವಾಗಿದೆ ಎಂದು ತಿಳಿಸಿ. ಆತ್ಮಹತ್ಯೆ ಮಾಡಿಕೊಂಡವರಿಗೆ ಸಮಾಧಿಯ ಜಾಗ ನಿರಾಕರಿಸಬೇಡಿ. ಕಥೋಲಿಕ ಸಭೆಯೇ 1983ರ ತನ್ನ ಕಾನೂನುಸಂಹಿತೆಯಲ್ಲಿ ಆ ಹಳೆಯ ನಿಷೇಧವನ್ನು ಕೈಬಿಟ್ಟಿದೆ. ಓದುಗರಲ್ಲಿ ಯಾರಾದರೂ ಈ ಹೊತ್ತು ಬದುಕು ಬೇಡವೆನ್ನುವಷ್ಟು ನೊಂದಿದ್ದರೆ ಹತ್ತಿರದವರೊಬ್ಬರಿಗೆ ಹೇಳಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ.